ಹಸಿರು ಸ್ಲೀವಿನ ಡಯೋಡ್

೨೦೦೪ರಲ್ಲಿ ನಾನು ಉಡುಪಿಯಲ್ಲಿ ಒಂದು ಟಿವಿ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನ ಬೆಂಚ್ ಟೆಕ್ನೀಶಿಯನ್ ಆಗಿದ್ದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿ ಆರು ವರ್ಷವಾಗಿತ್ತು. ನನ್ನೂರು ಕಾಪು. ದಿನವೂ ಎಂಟೂಕಾಲಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಸಂಜೆ ಮರಳುತ್ತಿದ್ದೆ. ಒಂಬತ್ತು ಟೆಕ್ನೀಶಿಯನ್ನರಲ್ಲಿ ಹೆಂಗಸು ನಾನೊಬ್ಬಳೇ. ಆ ಕೆಲಸದಿಂದ ನನ್ನನ್ನು ತೆಗೆದುಹಾಕಿದರು. ಯಾಕೆ ತೆಗೆದರು, ಅದಕ್ಕೆ ಕಾರಣನಾದವನ ಮೇಲೆ ನಾನು ಸೇಡು ತೀರಿಸಿಕೊಂಡದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಳ್ಳೆಯವಳಾಗಿ ಕಾಣಿಸಿಕೊಳ್ಳುವ ಆಸೆ ನನಗಿಲ್ಲ. ಓದಿದವರು ಏನು ಬೇಕಾದರೂ ಅಂದುಕೊಳ್ಳಲಿ.

ಮೊದಲು ಸ್ವಲ್ಪ ಪಾಠ ಮಾಡಬೇಕಾಗುತ್ತದೆ. ಆಗಿನವು ಗೋಡೆಗೆ ಅಂಟಿಸುವ ತೆಳ್ಳನೆಯ ಟಿವಿಗಳಲ್ಲ, ಹಿಂದೆ ದೊಡ್ಡ ಬೆನ್ನಿದ್ದ ಪಿಕ್ಚರ್ ಟ್ಯೂಬಿನ ಟಿವಿಗಳು. ಟ್ಯೂಬಿನ ಪರದೆ ಬೆಳಗಲು ಭಾರೀ ವೋಲ್ಟೇಜ್ ಬೇಕು. ಇಪ್ಪತ್ತೊಂದು ಇಂಚಿನ ಸೆಟ್ಟಿಗೆ ಸುಮಾರು ಇಪ್ಪತ್ತೈದು ಸಾವಿರ ವೋಲ್ಟ್. ಇದಕ್ಕೆ ನಾವು ಇಎಚ್‌ಟಿ ಎನ್ನುತ್ತೇವೆ. ಫ್ಲೈಬ್ಯಾಕ್ ಎಂಬ ಟ್ರಾನ್ಸ್‌ಫಾರ್ಮರ್ ಇದನ್ನು ಹುಟ್ಟಿಸುತ್ತದೆ. ಅದರ ಪಕ್ಕದಲ್ಲಿರುವ ಒಂದು ಕೆಪಾಸಿಟರ್ ಸೊರಗಿತೆಂದರೆ ಇಎಚ್‌ಟಿ ಮೇಲೇರಲು ಶುರುವಾಗುತ್ತದೆ. ಮೂವತ್ತು ಸಾವಿರ ದಾಟಿದ ಮೇಲೆ ಟ್ಯೂಬಿನ ಗಾಜು ತಡೆಯಲಾರದೆ ಎಕ್ಸ್‌ರೇ ಹೊರಗೆ ಬರಬಹುದು. ಫ್ಲೈಬ್ಯಾಕ್ ಬಿರುಕುಬಿಟ್ಟು ಕಿಡಿ ಹಾರಿ ಬೆಂಕಿಯೂ ಹತ್ತಬಹುದು. ಹಾಗಾಗಬಾರದೆಂದು ಸೆಟ್ಟಿನೊಳಗೇ ಒಂದು ಸಣ್ಣ ಪ್ರೊಟೆಕ್ಷನ್ ಸರ್ಕ್ಯೂಟ್ ಇಟ್ಟಿರುತ್ತಾರೆ. ಇಎಚ್‌ಟಿ ಎಷ್ಟಿದೆ ಎಂಬ ಸುದ್ದಿಯನ್ನು ಒಂದು ಡಯೋಡ್ ಐಸಿ ಎಂಬ ಚಿಪ್ಪಿಗೆ ಮುಟ್ಟಿಸುತ್ತದೆ. ಮಿತಿ ಮೀರಿದರೆ ಐಸಿ ಸೆಟ್ಟನ್ನೇ ಬಂದ್ ಮಾಡುತ್ತದೆ.

ಮನೆಯವರಿಗೆ ಇದೆಲ್ಲ ಗೊತ್ತಿರುವುದಿಲ್ಲ. "ಟಿವಿ ಹಾಕಿದ ಕೂಡಲೇ ಆಫ್ ಆಗ್ತದೆ" ಎಂದು ಫೋನ್ ಮಾಡುತ್ತಾರೆ. ಸರಿಯಾದ ದುರಸ್ತಿ ಎಂದರೆ ಸೊರಗಿದ ಕೆಪಾಸಿಟರ್ ಹುಡುಕಿ ಬದಲಿಸಿ, ಇಎಚ್‌ಟಿ ಪ್ರೋಬ್ ಎಂಬ ಉದ್ದನೆಯ ಮೀಟರ್ ಹಿಡಿದು ಅಳೆದು ನೋಡುವುದು. ಅದಕ್ಕೆ ಅರ್ಧ ದಿನ ಬೇಕು. ಇನ್ನೊಂದು ಉಪಾಯವೂ ಇತ್ತು: ಡಯೋಡಿನ ಒಂದು ಕಾಲನ್ನು, ಎಂದರೆ ಅದನ್ನು ಸರ್ಕ್ಯೂಟ್ ಬೋರ್ಡಿಗೆ ಜೋಡಿಸುವ ತಂತಿಯನ್ನು, ಕತ್ತರಿಸಿಬಿಡುವುದು. ಸುದ್ದಿ ಹೋಗದಿದ್ದರೆ ಸೆಟ್ಟು ಬಂದ್ ಆಗುವುದಿಲ್ಲ. ಹತ್ತು ನಿಮಿಷದ ಕೆಲಸ. ಹೆಚ್ಚಾದ ವೋಲ್ಟೇಜಿನಿಂದ ಚಿತ್ರ ಮೊದಲಿಗಿಂತ ಫಳಫಳ ಹೊಳೆಯುವುದರಿಂದ ಮನೆಯವರು ಖುಷಿಯಾಗಿ ಚಹಾ ಕೊಟ್ಟು ಕಳಿಸುತ್ತಾರೆ.

ನಮ್ಮಲ್ಲಿ ಬೆಂಚಿನವರು ವರ್ಕ್‌ಶಾಪಿನಲ್ಲೇ ಕೂತು ಕೆಲಸ ಮಾಡುವವರು, ಫೀಲ್ಡಿನವರು ಬೈಕಿನಲ್ಲಿ ಮನೆಮನೆಗೆ ಹೋಗುವವರು. ಫೀಲ್ಡಿನವರಲ್ಲಿ ಎಲ್ಲರಿಗಿಂತ ಹೆಸರುವಾಸಿ ಸದಾನಂದ. ಕಾಪು, ಶಿರ್ವ, ಕಾರ್ಕಳದ ಕಡೆಯ ಕಂಪ್ಲೇಂಟುಗಳೆಲ್ಲ ಅವನವು. ನನಗಿಂತ ನಾಲ್ಕು ವರ್ಷ ಹಳಬ, ಚಂದದ ಮಾತುಗಾರ. ಬೇರೆಯವರು ದಿನಕ್ಕೆ ನಾಲ್ಕು ಮನೆ ಮುಗಿಸಿದರೆ ಇವನು ಒಂಬತ್ತು ಮುಗಿಸುತ್ತಿದ್ದ. ಮ್ಯಾನೇಜರಿಗೆ ಅವನೆಂದರೆ ಪ್ರಾಣ.

ಶಿರ್ವದಲ್ಲಿ ಸಿಸಿಲಿಯಾ ಬಾಯಿ ಎಂಬವರಿದ್ದರು. ಮದುವಣಗಿತ್ತಿಯರ ಬಿಳಿ ಗೌನು ಹೊಲಿಯುವವರು. ಅವರ ಕೈಯ ಕಸೂತಿಗಾಗಿ ಮಂಗಳೂರಿನಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಆ ವರ್ಷ ಫೆಬ್ರವರಿಯಲ್ಲಿ ಅವರ ಟಿವಿ ಸೌಂಡ್ ಇಲ್ಲವೆಂದು ನನ್ನ ಬೆಂಚಿಗೆ ಬಂತು. ಸರಿ ಮಾಡಿ, ನನ್ನ ಅಭ್ಯಾಸದಂತೆ ಇಎಚ್‌ಟಿ ಅಳೆದು, ಇಪ್ಪತ್ತೈದೂವರೆ ಸಾವಿರ ಎಂದು ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಹಾಕಿದೆ. ಮೇ ತಿಂಗಳಲ್ಲಿ ಅದೇ ಸೆಟ್ಟಿಗೆ ಬೆಂಕಿ ಹತ್ತಿಕೊಂಡಿತು. ಮದುವೆಯ ಸೀಸನ್, ಟಿವಿಯ ಪಕ್ಕದಲ್ಲೇ ತೂಗುಹಾಕಿದ್ದ ಮೂರು ಗೌನುಗಳು ಉರಿದುಹೋದವು. ಅವನ್ನು ಎಳೆದು ತೆಗೆಯಲು ಹೋದ ಸಿಸಿಲಿಯಾ ಬಾಯಿಯ ಬಲಗೈ ಸುಟ್ಟಿತು. ಮಣಿಪಾಲದ ಆಸ್ಪತ್ರೆಯಲ್ಲಿ ಮೂರು ವಾರ ಇದ್ದರು.

ಆ ಸೆಟ್ಟಿನ ಮೇಲೆ ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ಇದ್ದದ್ದು ಒಂದೇ ಹೆಸರು, ನನ್ನದು. ಮ್ಯಾನೇಜರ್ ಕರೆಸಿದರು. ನಾನು ಜಾಬ್ ಕಾರ್ಡ್ ತೋರಿಸಿ, ಅಳೆದೇ ಕಳಿಸಿದ್ದೇನೆ, ಆಮೇಲೆ ಯಾರೋ ಕೈಹಾಕಿರಬೇಕು ಎಂದೆ. ಆ ಕಡೆಗೆ ಹೋಗುವವನು ಸದಾನಂದ ಎಂದು ಅವನನ್ನೂ ಕರೆಸಿದರು. "ನಾನು ಆ ಮನೆಯ ಮೆಟ್ಟಲು ಸಹ ಹತ್ತಿಲ್ಲ ಸಾರ್" ಎಂದ. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದ, ಕಣ್ಣು ಕೂಡ ಮಿಟುಕಿಸಲಿಲ್ಲ. ಮ್ಯಾನೇಜರ್ ಕಾರ್ಡನ್ನು ಮೇಜಿನ ಮೇಲೆ ಎಸೆದು, "ಬರೆಯಲಿಕ್ಕೆ ಎಂತ, ಯಾರು ಬೇಕಾದರೂ ಬರೆಯಬಹುದು. ಹೆಂಗಸರ ಕೈಗೆ ಹೈ ವೋಲ್ಟೇಜ್ ಕೊಟ್ಟದ್ದೇ ನನ್ನ ತಪ್ಪು" ಎಂದರು. ಅಂದೇ ಸಂಜೆ ನನ್ನ ಕೆಲಸ ಹೋಯಿತು. ಮನೆ ಸುಟ್ಟವಳು ಎಂಬ ಹೆಸರು ನನಗಿಂತ ಮೊದಲೇ ಊರು ಮುಟ್ಟಿತ್ತು. ಮಂಗಳೂರಿನವರೆಗೆ ಎಲ್ಲಿ ಕೇಳಿದರೂ ಯಾರೂ ಕೆಲಸ ಕೊಡಲಿಲ್ಲ.

ಜೂನ್ ತಿಂಗಳಲ್ಲಿ ಧೈರ್ಯ ಮಾಡಿ ಶಿರ್ವಕ್ಕೆ ಹೋದೆ. ಬೈದು ಕಳಿಸಿಯಾರು ಎಂದುಕೊಂಡಿದ್ದೆ. ಸಿಸಿಲಿಯಾ ಬಾಯಿ ಕೂರಿಸಿ ಮಾತನಾಡಿಸಿದರು. ಬಲಗೈಯ ಬ್ಯಾಂಡೇಜ್ ಬಿಚ್ಚಿದ್ದರು, ಆದರೆ ಬೆರಳುಗಳು ಅಂಗೈಯ ಕಡೆಗೆ ಸೇದಿಕೊಂಡು ಅರ್ಧಕ್ಕೇ ನಿಂತಿದ್ದವು. ಸೂಜಿ ಹಿಡಿಯಲು ಆಗುತ್ತಿರಲಿಲ್ಲ.

"ನನ್ನ ನಂತರ ಟಿವಿ ಯಾರಾದರೂ ನೋಡಿದ್ದುಂಟಾ?" ಎಂದು ಕೇಳಿದೆ.

"ಉಂಟಲ್ಲ. ಏಪ್ರಿಲಿನಲ್ಲಿ ಆಫ್ ಆಗ್ತಿತ್ತು ಅಂತ ನಿಮ್ಮವನೇ ಬಂದಿದ್ದ, ಬೈಕಿನಲ್ಲಿ, ಹೆಸರು ನಾನು ಕೇಳಲಿಲ್ಲ. ರಶೀದಿ ಬೇಡ ಬಾಯಮ್ಮ, ಹೀಗೇ ಮಾಡಿ ಕೊಡ್ತೇನೆ ಅಂದ. ಹತ್ತು ನಿಮಿಷ ಅಷ್ಟೇ. ಪಿಕ್ಚರ್ ಮೊದಲಿಗಿಂತ ಬ್ರೈಟ್ ಬಂತು ಮಾರಾಯ್ತಿ."

ಸುಟ್ಟ ಟಿವಿಯನ್ನು ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಹೋಗಿ ಬೋರ್ಡನ್ನು ಹೊರಗೆಳೆದೆ. ಫ್ಲೈಬ್ಯಾಕಿನ ಸುತ್ತ ಎಲ್ಲ ಕರಕಲಾಗಿದ್ದರೂ ಅಂಚಿನ ಭಾಗ ಹಾಗೆಯೇ ಉಳಿದಿತ್ತು. ಡಯೋಡಿನ ಒಂದು ಕಾಲು ಕತ್ತರಿಸಿ ಮೇಲೆತ್ತಿ ಮಡಚಿ, ಅದಕ್ಕೆ ಹಸಿರು ಸ್ಲೀವ್ ತೊಡಿಸಲಾಗಿತ್ತು. ಸ್ಲೀವ್ ಎಂದರೆ ತಂತಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ. ನಾವೆಲ್ಲ ಕಪ್ಪು ಸ್ಲೀವ್ ಬಳಸುತ್ತಿದ್ದೆವು. ಯಾರೋ ಗಲ್ಫಿನಿಂದ ತಂದುಕೊಟ್ಟ ಹಸಿರಿನ ಒಂದು ಸುರುಳಿ ಸದಾನಂದನ ಬಳಿ ಮಾತ್ರ ಇತ್ತು, ಅದನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗುತ್ತಿದ್ದ.

ಆ ಡಯೋಡನ್ನು ಹಿಡಿದುಕೊಂಡು ಉಡುಪಿಗೆ ಓಡಿದೆ. "ಇದನ್ನು ನೀನೇ ಹಾಕಿ ತಂದಿಲ್ಲ ಅಂತ ಎಂತ ಗ್ಯಾರಂಟಿ?" ಎಂದು ಕೇಳಿದರು ಮ್ಯಾನೇಜರ್. ಒಂದು ಡಯೋಡ್ ಸಾಕ್ಷಿಯಾಗುವುದಿಲ್ಲ ಎಂದು ಆಗ ತಿಳಿಯಿತು. ಹಾಗಾದರೆ ಹತ್ತು ತರುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿ ಇಳಿದು ಬಂದೆ. ಸದಾನಂದ ಗೇಟಿನ ಹತ್ತಿರ ಬೈಕ್ ಒರೆಸುತ್ತಿದ್ದವನು "ಎಂತ ವಾರಿಜ, ಆರಾಮವಾ?" ಎಂದು ಕೇಳಿದ. ಆ ಎರಡು ಮಾತು ನನ್ನನ್ನು ಒಂದು ವರ್ಷ ಬದುಕಿಸಿತು.

ಕಾಪು ಪೇಟೆಯಲ್ಲಿ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದು ಟಿವಿ ರಿಪೇರಿ ಅಂಗಡಿ ತೆರೆದೆ. ಮೊದಮೊದಲು ರೇಡಿಯೊ, ಮಿಕ್ಸಿಗಳೇ ಬಂದವು. ಆಮೇಲೆ ನಿಧಾನವಾಗಿ ಟಿವಿಗಳೂ ಬಂದವು. ಪ್ರತಿ ಸೆಟ್ಟಿನ ಹಿಂಬದಿ ಬಿಚ್ಚಿದಾಗಲೂ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಡಯೋಡಿನ ಕಡೆಗೆ. ಸೆಪ್ಟೆಂಬರಿನಲ್ಲಿ ಮೊದಲ ಹಸಿರು ಸ್ಲೀವ್ ಸಿಕ್ಕಿತು. ಆ ದಿನ ಮಧ್ಯಾಹ್ನದ ಊಟ ಎಷ್ಟು ರುಚಿಸಿತೆಂದರೆ, ಅಮ್ಮ ಮತ್ತೊಮ್ಮೆ ಅನ್ನ ಬಡಿಸಿ ನನ್ನ ಹಣೆ ಮುಟ್ಟಿ ನೋಡಿದರು. ಒಂದು ವರ್ಷದಲ್ಲಿ ಹೀಗೆ ಆರು ಸಿಕ್ಕವು. ಸೆಟ್ಟನ್ನು ಸರಿಯಾಗಿ ದುರಸ್ತಿ ಮಾಡಿ, ಹಳೆಯ ಡಯೋಡನ್ನು ಸ್ಲೀವ್ ಸಮೇತ ಲಕೋಟೆಯಲ್ಲಿ ಹಾಕಿ, ಮನೆಯವರ ಹೆಸರು, ತಾರೀಕು ಬರೆದು ಇಡುತ್ತಿದ್ದೆ. ಯಾರಿಗೂ ಏನೂ ಹೇಳುತ್ತಿರಲಿಲ್ಲ. ಹೇಳಿದರೆ ಸುದ್ದಿ ಅವನ ಕಿವಿಗೆ ಬಿದ್ದು, ಮಿಕ್ಕ ಮನೆಗಳಿಗೆ ಹೋಗಿ ಸದ್ದಿಲ್ಲದೆ ಕಾಲು ಬೆಸೆದು ಬಂದುಬಿಟ್ಟರೆ? ನನ್ನ ಕೈಗೆ ಅವನು ಪೂರ್ತಿಯಾಗಿ ಸಿಗಬೇಕಿತ್ತು.

೨೦೦೫ರ ಜುಲೈಯಲ್ಲಿ ಒಂದು ಬೆಳಿಗ್ಗೆ ಒಬ್ಬ ಅಜ್ಜಿ ರಿಕ್ಷಾದಲ್ಲಿ ಟಿವಿ ಹೇರಿಕೊಂಡು ಬಂದರು. ಎಲ್ಲೂರಿನ ಕಮಲಕ್ಕ. ದಪ್ಪ ಕನ್ನಡಕ, ಕೈಯಲ್ಲಿ ಛತ್ರಿ. "ಪಿಕ್ಚರ್ ಸಣ್ಣ ಆಗಿದೆ ಮಗಾ, ನಾಲ್ಕೂ ಬದಿ ಕಪ್ಪು. ನನಗೆ ಮೊದಲೇ ಕಣ್ಣು ಕಮ್ಮಿ, ಟಿವಿಗೆ ಮೂಗು ತಾಗಿಸಿಕೊಂಡೇ ಕೂರುವುದು. ಮಗ ಉಡುಪಿಯಲ್ಲಿ ಟಿವಿ ಕಂಪನಿಯಲ್ಲೇ ಇರುವುದು. ಊರಿನವರ ಟಿವಿ ಎಲ್ಲ ರಿಪೇರಿ ಮಾಡ್ತಾನೆ, ಮನೆಯದ್ದಕ್ಕೆ ಪುರುಸೊತ್ತಿಲ್ಲ" ಎಂದರು.

"ಮಗನ ಹೆಸರು ಎಂತ?" ಎಂದೆ. ಉತ್ತರ ನನಗೆ ಗೊತ್ತಿತ್ತು, ಮುಖದ ಕಟ್ಟು ಅದೇ ಇತ್ತು.

"ಸದಾನಂದ."

ಹಿಂಬದಿ ಬಿಚ್ಚಿದೆ. ಹಸಿರು ಸ್ಲೀವ್. ಪ್ರೋಬ್ ಹಿಡಿದೆ. ಮೀಟರು ಮೂವತ್ತಮೂರು ಸಾವಿರ ತೋರಿಸಿತು. ಇಎಚ್‌ಟಿ ಏರಿದರೆ ಚಿತ್ರ ಕುಗ್ಗುತ್ತದೆ, ಅಜ್ಜಿ ಹೇಳಿದ ಕಪ್ಪು ಅಂಚಿಗೆ ಅದೇ ಕಾರಣ. ತಾಯಿಯ ಮನೆಯಲ್ಲೂ ಅವನು ಡಯೋಡಿನ ಕಾಲು ಕತ್ತರಿಸಿ ಕೈ ತೊಳೆದುಕೊಂಡಿದ್ದ.

ಇನ್ನು ಬರೆಯುವುದನ್ನು ನಾನು ಹತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಸೆಟ್ಟಿನಲ್ಲಿ ಚಿತ್ರದ ಅಗಲ, ಎತ್ತರ ಹೊಂದಿಸುವ ತಿರುಪುಗಳು ಇರುತ್ತವೆ. ನಾನು ಕೆಪಾಸಿಟರ್ ಬದಲಿಸಲಿಲ್ಲ, ಡಯೋಡಿನ ಕಾಲು ಬೆಸೆಯಲಿಲ್ಲ. ಆ ತಿರುಪುಗಳನ್ನು ಎರಡೆರಡು ಸುತ್ತು ತಿರುಗಿಸಿದೆ. ಚಿತ್ರ ಪರದೆಯ ತುಂಬ ಬಂತು, ಚೆನ್ನಾಗಿ ಹೊಳೆಯುತ್ತಲೂ ಇತ್ತು. ಹಿಂಬದಿ ಮುಚ್ಚಿ ಸ್ಕ್ರೂ ಬಿಗಿದೆ. ಸಿಸಿಲಿಯಾ ಬಾಯಿಯ ಮನೆಯಲ್ಲಿ ಆದದ್ದು ಅವನ ಮನೆಯಲ್ಲೂ ಆಗಲಿ, ಆಗ ಬುದ್ಧಿ ಬರುತ್ತದೆ ಎಂದುಕೊಂಡೆ. ಇಷ್ಟೇ ಅಕ್ಷರಗಳಲ್ಲಿ, ಇದೇ ಕ್ರಮದಲ್ಲಿ ಅಂದುಕೊಂಡೆ. ಕಮಲಕ್ಕ ತಲೆಯಲ್ಲಿದ್ದ ಮಲ್ಲಿಗೆಯ ತುಂಡೊಂದನ್ನು ಹರಿದು ನನ್ನ ಜಡೆಗೆ ಸಿಕ್ಕಿಸಿ, "ನಿನ್ನ ಕೈ ಒಳ್ಳೆಯದು" ಎಂದು ಹೇಳಿ ರಿಕ್ಷಾ ಹತ್ತಿದರು.

ಆಮೇಲೆ ಜಾಬ್ ಕಾರ್ಡ್ ಬರೆಯಲು ಕೂತೆ. ಸ್ವಂತ ಅಂಗಡಿಯಾದರೂ ಕಾರ್ಡ್ ಬರೆಯುವ ಅಭ್ಯಾಸ ಬಿಟ್ಟಿರಲಿಲ್ಲ. ಹೆಸರು, ಊರು, ದೋಷ ಬರೆದೆ. ಇಎಚ್‌ಟಿ ಎಂಬ ಜಾಗದಲ್ಲಿ ಕೈ ತಾನಾಗಿ ಮೂವತ್ತಮೂರು ಎಂದು ಬರೆಯಿತು. ಕೆಳಗೆ ಟೆಕ್ನೀಶಿಯನ್ ಸಹಿ. ವಾರಿಜ ಎಂದು ಬರೆದ ಮೇಲೆ ಆ ಕಾರ್ಡನ್ನು ಬಹಳ ಹೊತ್ತು ನೋಡಿದೆ. ಹೋದ ವರ್ಷ ಸುಟ್ಟ ಸೆಟ್ಟಿನ ಮೇಲೆ ನನ್ನ ಹೆಸರು ಸುಳ್ಳಾಗಿ ಬಿದ್ದಿತ್ತು. ಈ ಸೆಟ್ಟಿನ ಮೇಲೆ ನಾನೇ ನಿಜವಾಗಿ ಹಾಕಿದ್ದೆ. ಮಲ್ಲಿಗೆ ಕಿತ್ತು ಮೇಜಿನ ಮೇಲಿಟ್ಟೆ. ಪ್ರೋಬ್, ಕೆಪಾಸಿಟರ್, ಸೋಲ್ಡರಿಂಗ್ ಐರನ್ ಚೀಲಕ್ಕೆ ತುಂಬಿ, ಶಟರ್ ಎಳೆದು, ಉಚ್ಚಿಲಕ್ಕೆ ಬಸ್ಸು ಹತ್ತಿದೆ. ಅಲ್ಲಿಂದ ರಿಕ್ಷಾ. ಎಲ್ಲೂರು ಮುಟ್ಟುವವರೆಗೆ ಆ ಅಜ್ಜಿ ಟಿವಿ ಹಾಕದಿರಲಿ ಎಂದು ಎಲ್ಲ ದೇವರನ್ನೂ ಬೇಡಿದೆ.

ಹಾಕಿದ್ದರು. ಪರದೆಗೆ ಒಂದು ಗೇಣು ದೂರದಲ್ಲಿ ಮಣೆ ಹಾಕಿ ಕೂತಿದ್ದರು. ನಾನು ಮಾತಿಲ್ಲದೆ ಹೋಗಿ ಪ್ಲಗ್ ಕಿತ್ತೆ.

"ಎಂತ ಮಗಾ, ಎಂತದಾದರೂ ಬಿಟ್ಟು ಹೋಗಿತ್ತಾ?"

"ಹೌದು ಕಮಲಕ್ಕ, ಒಂದು ಕೆಲಸ ಬಾಕಿ ಇತ್ತು. ನಿಮ್ಮ ಮಗನಿಗೆ ಫೋನ್ ಮಾಡಿ. ಕೂಡಲೇ ಬರಬೇಕು ಅಂತ ಹೇಳಿ" ಎಂದೆ.

ಅವನು ಕಾರ್ಕಳದಲ್ಲಿದ್ದವನು, ತಾಯಿಗೆ ಏನಾಯಿತೋ ಎಂದು ಒಂದು ಗಂಟೆಯಲ್ಲಿ ಬಂದ. ನನ್ನನ್ನು ಕಂಡು ಹೊಸ್ತಿಲಲ್ಲೇ ನಿಂತ. ನಾನು ಸೆಟ್ಟನ್ನು ಬಿಚ್ಚಿ ಇಟ್ಟಿದ್ದೆ. ಪ್ಲಗ್ ಹಾಕಿ, ಪ್ರೋಬ್ ಅವನ ಕೈಗೇ ಕೊಟ್ಟೆ. ಮೀಟರು ನೋಡಿ ಅವನ ಮುಖ ಸಪ್ಪೆಯಾಯಿತು.

"ಆ ಡಯೋಡ್ ಯಾಕೆ ಇಟ್ಟಿದ್ದಾರೆ ಅಂತ ಗೊತ್ತುಂಟಾ ಸದಾನಂದ?"

"ಅದು ಕಂಪನಿಯವರು ಸುಮ್ಮನೆ ಹಾಕುವುದು ವಾರಿಜ. ವಿದೇಶದ ಕಾನೂನು ಎಂತದೋ. ನಮ್ಮಲ್ಲಿ ಕರೆಂಟು ಏರಿಳಿತ ಆಗುವಾಗ ಅದು ತೊಂದರೆ ಕೊಡ್ತದೆ. ಎಲ್ಲರೂ ತೆಗೆಯುತ್ತಾರೆ."

ಒಂದು ವರ್ಷ ನಾನು ಅವನನ್ನು ದೊಡ್ಡ ಖಳ ಎಂದುಕೊಂಡಿದ್ದೆ. ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದವನ ಮೇಲೆ ಕನಿಕರ ಬರಬೇಕಿತ್ತು, ನನಗೆ ಬಂದದ್ದು ಇನ್ನೂ ಹೆಚ್ಚಿನ ಸಿಟ್ಟು. ಐರನ್ ಬಿಸಿಮಾಡಿ ಕೊಟ್ಟು ಕಾಲು ಬೆಸೆ ಎಂದೆ. ಬೆಸೆದ. ಪ್ಲಗ್ ಹಾಕಿದೆ. ಸೆಟ್ಟು ಬಂದು ತಕ್ಷಣ ಆಫ್ ಆಯಿತು.

"ಈಗ ಸರಿ ಮಾಡು."

ಅವನಿಗೆ ಬರಲಿಲ್ಲ. ಬೋರ್ಡನ್ನು ಆಚೆ ಈಚೆ ತಿರುಗಿಸಿದ, ಎರಡು ಕಡೆ ಮೀಟರು ಮುಟ್ಟಿಸಿದ, ಬೆವರು ಒರೆಸಿಕೊಂಡ. ಹತ್ತು ವರ್ಷದ ಹೆಸರುವಾಸಿ ಟೆಕ್ನೀಶಿಯನ್ ತಾಯಿಯ ಎದುರಿಗೆ ಸುಮ್ಮನೆ ಕೂತ. ಆ ನೋಟವನ್ನು ನಾನು ಕಣ್ತುಂಬ ನೋಡಿದೆ, ಅವಸರ ಮಾಡಲಿಲ್ಲ. ಸಾಕು ಎನಿಸಿದ ಮೇಲೆ ಕೆಪಾಸಿಟರ್ ಬದಲಿಸಿ, ತಿರುಪುಗಳನ್ನು ಮೊದಲಿನಂತೆ ಮಾಡಿ, ಅಳೆದು ತೋರಿಸಿದೆ. ಇಪ್ಪತ್ತೈದು. ಆಮೇಲೆ ಕಮಲಕ್ಕನಿಗೆ ಶಿರ್ವದ ಬೆಂಕಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಬೆಳಿಗ್ಗೆ ನಾನು ಮಾಡಿದ್ದನ್ನು ಮಾತ್ರ ಹೇಳಲಿಲ್ಲ.

ಕಮಲಕ್ಕ ಮಗನನ್ನು ಕೇಳಿದ್ದು ಒಂದೇ ಮಾತು: "ಆ ಮನೆಗೆ ನೀನು ಹೋಗಿದ್ದೆಯಾ?"

"ಹೋಗಿದ್ದೆ ಅಮ್ಮ."

"ಹಾಗಾದರೆ ಈ ಹುಡುಗಿ ಹೇಳಿದ ಹಾಗೆ ಮಾಡು."

ನಾನು ಹೇಳಿದೆ. ಮರುದಿನವೇ ಅವನು ಮ್ಯಾನೇಜರಿನ ಎದುರು ಸತ್ಯ ಒಪ್ಪಬೇಕು, ಕಾಲು ಕತ್ತರಿಸಿದ ಪ್ರತಿ ಮನೆಯನ್ನೂ ನೆನಪು ಮಾಡಿ ಬರೆದು ಕೊಡಬೇಕು, ನಾನು ಅವನ್ನು ಸರಿ ಮಾಡಲು ಹೋಗುವಾಗ ಜೊತೆಗೆ ಬರಬೇಕು. ಒಪ್ಪಿದ, ಕೆಲಸ ಕಳೆದುಕೊಂಡ. ಪಟ್ಟಿಯಲ್ಲಿ ಇಪ್ಪತ್ತಾರು ಮನೆಗಳಿದ್ದವು. ಮ್ಯಾನೇಜರ್ ಕಾಪುವಿನ ಅಂಗಡಿಗೆ ತಾವೇ ಬಂದು, ವಾಪಸ್ ಬಾ ಎಂದು ಕರೆದರು. "ಹೆಂಗಸರ ಕೈಗೆ ಹೈ ವೋಲ್ಟೇಜ್ ಕೊಡುವ ತಪ್ಪನ್ನು ಎರಡನೇ ಸಲ ಮಾಡಬೇಡಿ ಸಾರ್" ಎಂದು ಹೇಳಿ ಕಳಿಸಿದೆ. ಅವರಿಗೆ ಚಹಾ ಕೂಡ ಕೇಳಲಿಲ್ಲ.

ಪಟ್ಟಿಯಲ್ಲಿದ್ದ ಸಿಸಿಲಿಯಾ ಬಾಯಿಯ ಮನೆಯಲ್ಲಿ ಈಗ ಟಿವಿಯೇ ಇರಲಿಲ್ಲ. ಉರಿಯುವ ಅಪಾಯವಿದ್ದ ಮನೆಗಳು ಮೊದಲು, ಶಿರ್ವ ಕೊನೆಗೆ ಎಂದು ತೀರ್ಮಾನಿಸಿದೆ. ಆರು ಭಾನುವಾರ ಸದಾನಂದನ ಬೈಕಿನ ಹಿಂದೆ ಕೂತು ಕಾಪು, ಕಾರ್ಕಳದ ಮನೆಗಳಿಗೆ ಹೋದೆ. ನನ್ನ ಟೂಲ್ ಬ್ಯಾಗ್ ಅವನು ಹೊರಬೇಕು. ಪ್ರತಿ ಮನೆಯಲ್ಲೂ ಅವನೇ ಬಾಯಿಬಿಟ್ಟು, "ಈ ಟಿವಿಯ ರಕ್ಷಣೆಯನ್ನು ನಾನು ಕತ್ತರಿಸಿದ್ದೆ, ಇವರು ಸರಿ ಮಾಡಲಿಕ್ಕೆ ಬಂದಿದ್ದಾರೆ" ಎಂದು ಹೇಳಬೇಕು. ಕೆಲವರು ನಕ್ಕರು, ಕೆಲವರು ಬಾಯಿಗೆ ಬಂದಂತೆ ಬೈದರು. ಕಾರ್ಕಳದ ಒಂದು ಮನೆಯಲ್ಲಿ ಟಿವಿಯ ಪಕ್ಕದಲ್ಲೇ ತೊಟ್ಟಿಲು ಕಟ್ಟಿದ್ದರು. ಅಲ್ಲಿ ಮೀಟರು ಮೂವತ್ತನಾಲ್ಕು ತೋರಿಸಿದಾಗ ಅವನು ಹೊರಗೆ ಹೋಗಿ ಅಂಗಳದಲ್ಲಿ ಕೂತ. ನಾನು ಒಳಗಿಂದ ಅವನನ್ನು ಕೂಗಿ ಕರೆದು ಟಾರ್ಚ್ ಹಿಡಿಯಲು ಹೇಳಿದೆ.

ಏಳನೆಯ ಭಾನುವಾರ ಶಿರ್ವಕ್ಕೆ ಹೋದೆವು. ಸಿಸಿಲಿಯಾ ಬಾಯಿ ಚರ್ಚಿನಿಂದ ಆಗಷ್ಟೇ ಬಂದಿದ್ದರು. ಸದಾನಂದ ಎಲ್ಲವನ್ನೂ ಹೇಳಿ ತಲೆ ತಗ್ಗಿಸಿ ನಿಂತ. ನನಗೆ ಬೇಕಾದದ್ದು ಇದೇ ಕ್ಷಣ. ಅವರು ಅವನನ್ನು ಶಪಿಸಲಿ, ಕೆನ್ನೆಗೆ ಬಾರಿಸಲಿ ಎಂದು ಕಾದೆ. ಅವರು ಮಡಚಿಕೊಂಡ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅವನನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇವನು ಹೀಗೆ ಮಾಡ್ತಾನೆ ಅಂತ ನಿಮಗೆ ಗೊತ್ತಾದದ್ದು ಯಾವಾಗ?"

"ಹೋದ ವರ್ಷ ಜೂನಿನಲ್ಲಿ. ನಿಮ್ಮ ಕೊಟ್ಟಿಗೆಯಲ್ಲಿ ಬೋರ್ಡ್ ನೋಡಿದಾಗ."

"ಬೇರೆ ಮನೆಗಳಲ್ಲೂ ಇರಬಹುದು ಅಂತಲೂ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಒಂದು ವರ್ಷ ಯಾರಿಗೂ ಹೇಳಲಿಲ್ಲ ಯಾಕೆ?"

ಕಾರಣ ಇತ್ತು, ಆದರೆ ಅದನ್ನು ಆ ಕೈಯ ಎದುರು ಹೇಳುವ ಮುಖ ಇರಲಿಲ್ಲ. ಪಕ್ಕದಲ್ಲಿ ಸದಾನಂದ ತಲೆಯೆತ್ತಿ ನನ್ನನ್ನು ನೋಡಿದ. ಏಳು ವಾರದಲ್ಲಿ ಮೊದಲ ಸಲ ಅವನು ನನ್ನ ಕಣ್ಣಿಗೆ ಕಣ್ಣು ಕೂಡಿಸಿದ್ದು.

ಈಗ ನನ್ನ ಅಂಗಡಿಗೆ ಪಿಕ್ಚರ್ ಟ್ಯೂಬಿನ ಸೆಟ್ಟು ಬರುವುದೇ ಇಲ್ಲ. ಆದರೆ ಆ ಕೆಲಸ ಕಲಿಸಿದ್ದನ್ನು ಇಂದಿಗೂ ಬಿಟ್ಟಿಲ್ಲ. ಯಾರ ಮನೆಯಲ್ಲಾದರೂ ಅಪಾಯ ಕಂಡರೆ, ಮಾಡಿದವರು ಯಾರೆಂದು ಕೇಳುವ ಮೊದಲೇ ಮನೆಯವರಿಗೆ ಹೇಳುತ್ತೇನೆ. ಮೊದಲು ಪ್ಲಗ್ ಕೀಳಬೇಕು. ಸೇಡು ಆಮೇಲೆ ತೀರಿಸಿಕೊಂಡರೂ ನಡೆಯುತ್ತದೆ. ಸಿಸಿಲಿಯಾ ಬಾಯಿ ನಮ್ಮಿಬ್ಬರಿಗೂ ಅಂದು ಊಟ ಬಡಿಸಿದರು, ಎಡಗೈಯಲ್ಲಿ. ಸದಾನಂದನನ್ನು ನಾನು ಇನ್ನೂ ಕ್ಷಮಿಸಿಲ್ಲ. ಆದರೆ ಆ ಊಟಕ್ಕೆ ನಾನು ಅವನ ಪಕ್ಕದಲ್ಲೇ ಕೂರಬೇಕಾಯಿತು, ಕೂತೆ.